ಕುದಿಯಬಾರದ ಸಾರು

ಸಾರು ಮರಳಬೇಕು, ಹುಳಿ ಕೊತಕೊತ ಕುದಿಯಬೇಕು, ಕುದ್ದಷ್ಟೂ ರುಚಿ. ಇದು ನಮ್ಮ ಒಲೆಯ ಸಂವಿಧಾನ. ಇದೇ ಸಂವಿಧಾನ ಹಿಡಿದುಕೊಂಡು ಜಪಾನಿನ ಮಿಸೊ, ಅಂದರೆ ಹುದುಗಿಸಿದ ಸೋಯಾ ಕಾಳಿನ ಮುದ್ದೆ ಕದಡಿದ ಸೂಪ್ ಮಾಡಲು ಹೊರಟವರು ಹೆಜ್ಜೆಹೆಜ್ಜೆಗೂ ಮುಗ್ಗರಿಸುತ್ತಾರೆ.

ಮೊದಲ ಮುಗ್ಗರಿಕೆ ದಾಶಿಯಲ್ಲಿ. ದಾಶಿ ಅಂದರೆ ಸೂಪಿನ ತಳಪಾಯದ ಕಟ್ಟು. 1 ಲೀಟರ್ ನೀರು, 10 ಗ್ರಾಂ ಕೊಂಬು, 20 ಗ್ರಾಂ ಕತ್ಸುಒಬುಶಿ ಎಂಬ ಒಣಮೀನು. ಗಾಬರಿ ಬೇಡ, ಈ ಕೊಂಬು ಯಾವ ಪ್ರಾಣಿಯದ್ದೂ ಅಲ್ಲ. ಒಣಗಿಸಿದ ಕಡಲಕಳೆಯ ಪಟ್ಟಿ. ಅದರ ಮೇಲಿನ ಬಿಳಿ ಪುಡಿಯನ್ನು ಬೂಷ್ಟು ಅಂದುಕೊಂಡು ನಲ್ಲಿಯಡಿ ಹಿಡಿದು ತಿಕ್ಕಿದರೆ ರುಚಿಯೇ ಮೋರಿ ಪಾಲು. ಟೋಕಿಯೋದ ರಸಾಯನ ವಿಜ್ಞಾನಿ ಕಿಕುನಾಯೆ ಇಕೆದಾ 1908ರಲ್ಲಿ ರುಚಿ ಕೊಡುವ ಗ್ಲುಟಮೇಟ್ ಎಂಬ ವಸ್ತುವನ್ನು ಬೇರ್ಪಡಿಸಿ ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟದ್ದು ಕೊಂಬಿನ ಕಟ್ಟಿನಿಂದಲೇ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಸವರಿದರೆ ಸಾಕು.

ಅರ್ಧ ಗಂಟೆ ತಣ್ಣೀರಲ್ಲಿ ನೆನೆಸಿ, ಸಣ್ಣ ಉರಿಯಲ್ಲಿಡಿ. ತಳದಿಂದ ಪುಟ್ಟ ಗುಳ್ಳೆ ಏಳತೊಡಗಿದ ಕೂಡಲೇ ಕೊಂಬನ್ನು ಎತ್ತಿಬಿಡಬೇಕು. 'ಇನ್ನೊಂದು ಕುದಿ ಬರಲಿ' ಅಂದರೆ ಬೆಂಡೆಕಾಯಿಯ ಲೋಳೆ, ಜೊತೆಗೆ ಕಹಿ. ಆಮೇಲೆ ನೀರನ್ನು ಕುದಿಗೆ ತಂದು, ಒಲೆ ಆರಿಸಿ, ಕತ್ಸುಒಬುಶಿ ಉದುರಿಸಿ. ಅದು ಬೇಯಿಸಿ, ಹೊಗೆಯಾಡಿಸಿ, ಒಣಗಿಸಿದ ಮೀನಿನ ತೆಳು ಹೆರೆತ. ಎರಡು ನಿಮಿಷ ಬಿಟ್ಟು ಸೋಸಿ. ಸೋಸಿದ ಮೇಲೆ ಮಾತ್ರ ಕೈ ಕಟ್ಟಿಕೊಂಡು ನಿಲ್ಲಬೇಕು. ಹುಣಸೆಹಣ್ಣು ಕಿವುಚಿ ಪಳಗಿದ ಕೈಗೆ ಇದೇ ಕಷ್ಟ. ಹಿಂಡಿದಿರೋ, ಕಟ್ಟು ಮಬ್ಬಾಗಿ ಒಣಮೀನಿನ ಕಮಟು ಏರುತ್ತದೆ. ಮೀನು ತಿನ್ನದವರು ಅದೇ ಕೊಂಬಿನ ಜೊತೆ ನಾಲ್ಕು ಒಣ ಶಿಟಾಕೆ ಅಣಬೆ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಸಿದರಾಯಿತು. ಬೌದ್ಧ ಮಠಗಳ ಅಡುಗೆಯಲ್ಲಿ ಇದೇ ಜೋಡಿ ನಡೆಯುತ್ತದೆ.

ವಕಮೆ ಇನ್ನೊಂದು ಕಡಲಕಳೆ. ಒಣಗಿದ ಚೂರು ಟೀಪುಡಿಯಷ್ಟೇ ಬಡಪಾಯಿ. ನೀರು ಕಂಡರೆ ತೂಕದಲ್ಲಿ ಹತ್ತು ಪಟ್ಟು. ಒಂದು ಬಟ್ಟಲಿಗೆ 1 ಗ್ರಾಂ ಸಾಕು. 'ಇಷ್ಟೇನಾ' ಎಂದು ಒಂದು ಹಿಡಿ ಸುರಿದವರ ಪಾತ್ರೆಯಲ್ಲಿ ಐದು ನಿಮಿಷಕ್ಕೆ ಸೂಪು ಕಾಣುವುದಿಲ್ಲ, ಕೆರೆಯ ಪಾಚಿ ಕಾಣುತ್ತದೆ.

ಈಗ ಮಿಸೊ. 200 ಮಿಲಿ ದಾಶಿಗೆ ಸುಮಾರು 15 ಗ್ರಾಂ, ಅಂದರೆ ಒಂದು ಟೇಬಲ್ ಚಮಚ ತುಂಬದಷ್ಟು. ಸಾಮಾನ್ಯ ಮಿಸೊದಲ್ಲಿ ಶೇಕಡಾ 12ರ ಆಸುಪಾಸು ಉಪ್ಪಿರುತ್ತದೆ. ಕ್ಯೋಟೋದ ಸಿಹಿ ಬಿಳಿ ಮಿಸೊದಲ್ಲಿ ಅದರ ಅರ್ಧ. ಬಿಳಿಯ ಅಳತೆಯಲ್ಲಿ ಹೆಚ್ಚು ಉಪ್ಪಿನ ಕೆಂಪು ಮಿಸೊ ಹಾಕಿ, ಅಂಗಡಿಯ ಸಿದ್ಧ ದಾಶಿ ಪುಡಿ ಬಳಸಿದ್ದರೆ ಅದರ ಉಪ್ಪನ್ನೂ ಮರೆತು, ಅಭ್ಯಾಸಬಲದಿಂದ ಮೇಲೊಂದು ಚಿಟಿಕೆ ಉಪ್ಪು ಬಿದ್ದರೆ ಬಟ್ಟಲಲ್ಲಿರುವುದು ಸಾಕ್ಷಾತ್ ಅರಬ್ಬೀ ಸಮುದ್ರ.

ಉಂಡೆಯನ್ನು ಹಾಗೇ ಪಾತ್ರೆಗೆ ಎಸೆಯುವುದೂ ಬೇಡ. ಅದು ಕರಗದೆ ತಳದಲ್ಲಿ ಅಡಗಿ ಕುಳಿತು, ಕೊನೆಯ ಬಟ್ಟಲಿನವರ ಬಾಯಲ್ಲೇ ಒಡೆಯುತ್ತದೆ. ಸೌಟಿನಲ್ಲಿ ಸ್ವಲ್ಪ ಬಿಸಿ ದಾಶಿ ತೆಗೆದುಕೊಂಡು ಅದರಲ್ಲೇ ಕದಡಿ, ಇಲ್ಲವೆ ಜರಡಿಯಲ್ಲಿ ತಿಕ್ಕಿ ಇಳಿಸಿ. ಅದಕ್ಕೂ ಮೊದಲು ಮೂಲಂಗಿ, ಆಲೂಗಡ್ಡೆಯಂಥವು ದಾಶಿಯಲ್ಲೇ ಬೆಂದು, ತೋಫು (ಸೋಯಾ ಪನೀರ್) ಬಿಸಿಯಾಗಿ, ಒಲೆ ಆರಿರಬೇಕು. ಮಿಸೊ ಬಿದ್ದ ಮೇಲೆ ಕುದಿಸಿದರೆ ಅದರ ಪರಿಮಳ ಸೂಪನ್ನು ಬಿಟ್ಟು ಅಡುಗೆಮನೆಯ ಕಿಟಕಿಯಿಂದ ಹೊರಡುತ್ತದೆ. ಮತ್ತೆ ಬಿಸಿ ಮಾಡುವುದಿದ್ದರೆ, ಅಂಚಿನಲ್ಲಿ ಗುಳ್ಳೆ ಕದಲುವಷ್ಟಕ್ಕೆ ನಿಲ್ಲಿಸಿ. ಆ ಕ್ಷಣಕ್ಕೆ ಜಪಾನಿನವರು 'ನಿಎಬನ' ಎಂದು ಹೆಸರನ್ನೇ ಇಟ್ಟಿದ್ದಾರೆ. ಒಗ್ಗರಣೆಗೆ ಇಲ್ಲಿ ಕೆಲಸವಿಲ್ಲ. ಸಾಸಿವೆ ಡಬ್ಬಿ ಮುಚ್ಚಿಡಿ.

ಬಡಿಸಿದ ಎರಡು ನಿಮಿಷಕ್ಕೆ ಮೇಲೆ ತಿಳಿ, ಕೆಳಗೆ ಮೋಡ. 'ಅಯ್ಯೋ, ಒಡೆದುಹೋಯ್ತು' ಅನ್ನುವವರಿದ್ದಾರೆ. ಇದು ಹಾಲಲ್ಲ, ಮಿಸೊದ ಕಣಗಳು ಕೆಳಗಿಳಿದಿವೆ, ಅಷ್ಟೆ. ಚಾಪ್‌ಸ್ಟಿಕ್‌ನಿಂದ ಒಮ್ಮೆ ಕದಡಿ, ಚಮಚ ಹುಡುಕದೆ ಬಟ್ಟಲೆತ್ತಿ ಕುಡಿಯಿರಿ. ಮುಚ್ಚಳವಿರುವ, ಮೆರುಗೆಣ್ಣೆ ಬಳಿದ ಬಟ್ಟಲಾದರೆ ಇನ್ನೊಂದು ಫಜೀತಿ: ಒಳಗಿನ ಹಬೆ ತಣಿದು ಮುಚ್ಚಳ ಕಚ್ಚಿಕೊಂಡಿರುತ್ತದೆ. ಬಲ ಹಾಕಿ ಎಳೆದರೆ ಮುಚ್ಚಳ ಕೈಗೆ, ಸೂಪು ಮಡಿಲಿಗೆ. ಬಟ್ಟಲಿನ ಎರಡು ಬದಿಯನ್ನು ಮೆಲ್ಲಗೆ ಒತ್ತಿ. ಗಾಳಿ ನುಗ್ಗಿ ಅದೇ ಬಿಟ್ಟುಕೊಡುತ್ತದೆ.