ಅತ್ತರೆ ಕ್ಯಾನ್ಸರ್ ಹೆಚ್ಚುವುದಿಲ್ಲ: ಒಂದು ಸ್ಪಷ್ಟನೆ

“ಸದಾ ನಗುತ್ತಿದ್ದರೆ ಕ್ಯಾನ್ಸರ್ ಕೋಶಗಳು ಸಾಯುತ್ತವೆ, ಅತ್ತರೆ ಬೆಳೆಯುತ್ತವೆ” ಎಂಬ ವಾಟ್ಸಾಪ್ ಸಂದೇಶ ನಮ್ಮ ನೆಂಟರ ಗುಂಪಿಗೂ ಬಂತು. ಇದು ನಿಜವಲ್ಲ.

ಅಮ್ಮನಿಗೆ ಆಗ ಕ್ಯಾನ್ಸರಿಗೆ ಕೀಮೋ (ಔಷಧಿ ಏರಿಸುವ ಚಿಕಿತ್ಸೆ) ನಡೆಯುತ್ತಿತ್ತು. ಮೊದಲ ಸಲ ಕೀಮೋದ ಕೆಂಪು ಔಷಧಿ ಏರಿಸಿ ಎರಡು ಮೂರು ವಾರಕ್ಕೆ ಬಾಚಣಿಗೆ ತುಂಬ ಕೂದಲು ಬಂತು. ಅದನ್ನು ಪೇಪರಿನಲ್ಲಿ ಮಡಿಚಿಟ್ಟು ಬಹಳ ಹೊತ್ತು ಅತ್ತರು. ಮರುದಿನ ಈ ಸಂದೇಶ ಓದಿ, “ನಾನು ಅತ್ತಿದ್ದು ತಪ್ಪಾಯ್ತೇನೋ?” ಎಂದು ಕೇಳಿದರು. ಆ ಪ್ರಶ್ನೆ ಬೇರೆ ಯಾರ ಬಾಯಲ್ಲೂ ಬರಬಾರದು.

ತಲೆ, ಕತ್ತಿನ ಕ್ಯಾನ್ಸರಿನ 1,093 ರೋಗಿಗಳ ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವರ ಮನಸ್ಥಿತಿಗೂ ಎಷ್ಟು ಕಾಲ ಬದುಕಿದರು ಎಂಬುದಕ್ಕೂ ನಂಟು ಕಾಣಲಿಲ್ಲ. ಹರಡಿದ ಸ್ತನ ಕ್ಯಾನ್ಸರ್ ಇದ್ದ 235 ಮಹಿಳೆಯರ 2001ರ ಅಧ್ಯಯನವೂ ಇದೆ. ಗುಂಪಾಗಿ ಕೂತು ಮನಸ್ಸು ಬಿಚ್ಚಿ ಮಾತಾಡಿದ್ದರಿಂದ ಆಯಸ್ಸು ಹೆಚ್ಚಲಿಲ್ಲ; ಆದರೆ ಮನಸ್ಸಿನ ಸಂಕಟ ಇಳಿಯಿತು, ನೋವೂ ಅಷ್ಟಾಗಿ ಬಾಧಿಸಲಿಲ್ಲ. ಇದೇನು ಸಣ್ಣ ಲಾಭವೇ?

ಹಾಗಾಗಿ ಭರವಸೆ ಬೇಡ ಎಂದು ನಾನು ಹೇಳುತ್ತಿಲ್ಲ. ಪಕ್ಕದ ಮನೆಯವರು ತಂದ ರಾಗಿ ಗಂಜಿ ಕುಡಿದು ಅಮ್ಮ, “ಇವತ್ತು ನಾಲಿಗೆಗೆ ರುಚಿ ಹತ್ತಿತು ಕಣೆ, ನಿನ್ನ ಹೊಟ್ಟೆ ತಣ್ಣಗಿರಲಿ” ಎಂದು ಅವರ ಕೈ ಹಿಡಿದುಕೊಂಡರು. ಯಾರೋ ಹೇಳಿಕೊಟ್ಟ ಕೃತಜ್ಞತೆಯಲ್ಲ ಅದು.

ದುಃಖ ವಾರಗಟ್ಟಲೆ ಬಿಡದೆ ನಿದ್ದೆ, ಊಟ ಕೆಟ್ಟರೆ ವೈದ್ಯರಿಗೆ ತಿಳಿಸಿ. ಅದಕ್ಕೂ ಚಿಕಿತ್ಸೆಯಿದೆ. ಆ ಸಂದೇಶವನ್ನು ಮಾತ್ರ ದಯವಿಟ್ಟು ಯಾರಿಗೂ ಕಳಿಸಬೇಡಿ.