ಯಾಣದ ಬಂಡೆ ಲಾವಾ ಅಲ್ಲ

ಕುಮಟಾ, ಶಿರಸಿ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಕಾರ್ಸ್ಟ್ ಅಂದರೆ ಜರ್ಮನ್‌ನಲ್ಲಿ ಸುಟ್ಟ ಕಪ್ಪು ಕಲ್ಲು, ಹಾಗಾಗಿ ಯಾಣದ ಬಂಡೆಗಳು ಲಾವಾದಿಂದ ಆದವು’ ಅಂತ. ಎರಡೂ ತಪ್ಪು.

ಕಾರ್ಸ್ಟ್ ಅನ್ನೋದು ಒಂದು ಜಾಗದ ಹೆಸರು. ಸ್ಲೊವೇನಿಯಾ, ಇಟಲಿ ಗಡಿಯಲ್ಲಿ ಕ್ರಾಸ್ ಎಂಬ ಸುಣ್ಣಕಲ್ಲಿನ ಎತ್ತರದ ನೆಲ ಇದೆ, ಅದರ ಜರ್ಮನ್ ರೂಪ ಇದು. 1893ರಲ್ಲಿ ಸರ್ಬಿಯಾದ ಭೂಗೋಳ ತಜ್ಞ ಯೋವಾನ್ ತ್ಸ್ವಿಯಿಚ್, ನೀರು ಸುಣ್ಣಕಲ್ಲನ್ನು ಕರಗಿಸಿ ರೂಪಿಸಿದ ಇಂಥ ನೆಲದ ಬಗ್ಗೆ ಜರ್ಮನ್‌ನಲ್ಲೇ ದೊಡ್ಡ ಅಧ್ಯಯನ ಪ್ರಕಟಿಸಿದರು. ಇಂಗ್ಲಿಷಿನವರು ಅನುವಾದದ ಗೋಜಿಗೇ ಹೋಗದೆ ಪದವನ್ನು ಹಾಗೇ ಇಟ್ಟುಕೊಂಡರು. ಒಳ್ಳೆಯದೇ ಆಯಿತು. ಹಾಗೇ ಉಳಿಸಿಕೊಂಡ ಇನ್ನೊಂದು ಜರ್ಮನ್ ಪದ ‘ಗ್ರಾಬೆನ್’ ನೋಡಿ, ಜರ್ಮನ್‌ನಲ್ಲಿ ಅದು ಸುಮ್ನೆ ಕಂದಕ, ಆದರೆ ಭೂವಿಜ್ಞಾನದಲ್ಲಿ ಎರಡು ಸ್ತರಭಂಗಗಳ (ಬಂಡೆ ಸೀಳಿ ಜರುಗಿದ ಬಿರುಕುಗಳ) ನಡುವೆ ಕುಸಿದ ನೆಲ. ಪದಕ್ಕೆ ಪದ ಅನುವಾದಿಸಿದ್ದರೆ ರಸ್ತೆ ಬದಿಯ ಗಟಾರ ಆಗುತ್ತಿತ್ತು, ಅಲ್ವಾ?

ಇನ್ನು ಯಾಣ. ಭೈರವೇಶ್ವರ ಮತ್ತು ಮೋಹಿನಿ ಶಿಖರಗಳು ಸುಣ್ಣಕಲ್ಲಿನವು. ಕಪ್ಪಗಿದೆ ಅಂತ ಲಾವಾ ಆಗಲ್ಲ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ, ಬಿರುಕಿಗೆ ಇಳಿದು ಸುಣ್ಣಕಲ್ಲನ್ನು ನಿಧಾನಕ್ಕೆ ಕರಗಿಸುತ್ತದೆ. ಯಾಣವನ್ನು ಕಾರ್ಸ್ಟ್ ಅನ್ನೋದು ಇದಕ್ಕೇ. ನಮ್ಮ ಘಟ್ಟದಲ್ಲಿ ಮಳೆಗೇನು ಬರವಾ?