ಹ್ಯಾಂಬರ್ಗ್ ಬಂದರು ನೋಡಿದ ಮೇಲೆ ನಮ್ಮ ಮಂಗಳೂರು ಧಕ್ಕೆ (ಹಳೇ ಬಂದರು) ಬಗ್ಗೆ ಅನಿಸಿದ್ದು

ಇಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 62ನೇ ನಂಬರಿನ ಫೆರಿ ಅಂತ ಒಂದು ಉಂಟು, ಲಾಂಡುಂಗ್ಸ್‌ಬ್ರುಕೆನ್‌ನಿಂದ ಫಿಂಕನ್‌ವೆರ್ಡರ್‌ಗೆ ಹೋಗ್ತದೆ, ಬಸ್ಸು ಟ್ರೈನಿಗೆ ಇರೋ ಪಾಸೇ ಅದಕ್ಕೂ ನಡೀತದೆ. ಮೇಲಿನ ಡೆಕ್ಕಲ್ಲಿ ನಿಂತ್ರೆ ಒಂದು ಕಡೆ ಊರು, ಇನ್ನೊಂದು ಕಡೆ ಹಡಗು ರಿಪೇರಿ ಮಾಡೋ ಡಾಕ್, ಕ್ರೇನು, ಕಂಟೇನರ್ ರಾಶಿ, ಎಲ್ಲ ಹತ್ತಿರದಿಂದ ಕಾಣ್ತದೆ. ಸಮುದ್ರ ಇಲ್ಲಿಂದ ನೂರು ಕಿಲೋಮೀಟರಿಗೂ ಜಾಸ್ತಿ ದೂರ ಉಂಟು, ಆದ್ರೂ ಎಲ್ಬೆ ನದಿ ಹಿಡ್ಕೊಂಡು ಅಷ್ಟು ದೊಡ್ಡ ಹಡಗುಗಳು ಒಳಗೆ ಬರ್ತವೆ, ಅದಕ್ಕೋಸ್ಕರ ನದಿ ಆಳ ಮಾಡ್ತಾನೇ ಇರ್ಬೇಕು, ಹೂಳಿನ ಗಲಾಟೆ ಇಲ್ಲೂ ಮುಗಿದದ್ದಿಲ್ಲ. ಮಂಗಳೂರಲ್ಲಿ ನದಿ ಸಮುದ್ರ ಸೇರುವ ಅಳಿವೆ ಬಾಗಿಲಲ್ಲಿ ಹೂಳು ತುಂಬಿ ಬೋಟು ಸಿಕ್ಕಿ ಬೀಳೋದು ನೋಡಿ ಬೆಳೆದವನಿಗೆ ಇದು ಹೊಸ ವಿಷಯ ಅಲ್ಲ.

ನಂಗೆ ಇಲ್ಲಿ ಇಷ್ಟ ಆದದ್ದು ಹಡಗಿನ ಸೈಜ್ ಅಲ್ಲ, ಊರಿನ ಜನಕ್ಕೆ ಬಂದರಿನ ಮೇಲೆ ಇರೋ ಪ್ರೀತಿ. 1911ರಲ್ಲಿ ನದಿಯ ಅಡಿಗೆ ಒಂದು ಸುರಂಗ ಮಾಡಿದ್ರು, ಆಚೆ ದಡದಲ್ಲಿ ಹಡಗು ಕಟ್ಟುವ ಯಾರ್ಡಿಗೆ ಕೂಲಿಗೆ ಹೋಗುವ ಸಾವಿರಾರು ಜನಕ್ಕೆ ಅಂತಲೇ. 426 ಮೀಟರ್ ಉದ್ದ, ಲಿಫ್ಟಲ್ಲಿ ಕೆಳಗೆ ಇಳಿದು ನಡ್ಕೊಂಡು ಹೋದ್ರಾಯ್ತು, ಇವತ್ತಿಗೂ ನಡೆಯುವವರಿಗೆ ಸೈಕಲ್ಲಿನವರಿಗೆ ದುಡ್ಡಿಲ್ಲ. ಮತ್ತೆ ವೇಡಲ್ ಅಂತ ಪಕ್ಕದ ಊರಲ್ಲಿ 1952ರಿಂದ ಒಂದು ಪದ್ಧತಿ ನಡ್ಕೊಂಡು ಬಂದಿದೆ, ದೊಡ್ಡ ಹಡಗು ಬಂದಾಗ ಅದು ಯಾವ ದೇಶದ ಬಾವುಟದ್ದೋ ಆ ದೇಶದ ರಾಷ್ಟ್ರಗೀತೆ ಹಾಕ್ತಾರೆ. ತಿಂಗಳುಗಟ್ಟಲೆ ನೀರಲ್ಲೇ ಇದ್ದ ಖಲಾಸಿಗಳಿಗೆ ದಡದಿಂದ ಅಷ್ಟಾದ್ರೂ ಮರ್ಯಾದೆ ಸಿಗ್ತದಲ್ಲ ಮಾರಾಯ್ರೆ, ಅದು ಸಣ್ಣ ಸಂಗತಿ ಅಲ್ಲ.

ಇನ್ನು ಸ್ಪೈಖರ್‌ಸ್ಟಾಟ್, ಅಂದ್ರೆ ಕೆಂಪು ಇಟ್ಟಿಗೆಯ ಗೋಡೌನುಗಳ ಒಂದು ಇಡೀ ಪೇಟೆ. 1888ರಲ್ಲಿ ಶುರು ಆದದ್ದು, 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಕಾಫಿ, ಕೋಕೋ, ಮಸಾಲೆ, ಕಾರ್ಪೆಟ್ ಎಲ್ಲ ಇಲ್ಲೇ ಇಳೀತಿತ್ತು. ಆದ್ರೆ ಅದನ್ನ ಕಟ್ಟಲಿಕ್ಕೆ ಅಲ್ಲಿದ್ದ ಸುಮಾರು 20,000 ಜನರನ್ನ ಎಬ್ಬಿಸಿದ್ರು, ಅದನ್ನೂ ಹೇಳ್ಬೇಕು. ಆಮೇಲೆ ಆಲ್ಟನ್‌ವೆರ್ಡರ್ ಅಂತ ಮೀನುಗಾರರ ಹಳ್ಳಿ, ಕಂಟೇನರ್ ಟರ್ಮಿನಲ್ಲಿಗಾಗಿ ಅದನ್ನೂ ಖಾಲಿ ಮಾಡಿಸಿದ್ರು, ಈಗ ಅಲ್ಲಿ ಉಳಿದದ್ದು ಒಂದು ಚರ್ಚ್. ನಮ್ಮಲ್ಲಿ ಪಣಂಬೂರಿನವರನ್ನ ಹೊಸ ಬಂದರಿಗೋಸ್ಕರ ಎಬ್ಬಿಸಿ ಕಾಟಿಪಳ್ಳ, ಕೃಷ್ಣಾಪುರಕ್ಕೆ ಕಳಿಸಿದ್ದು ನೆನಪಾಗ್ತದೆ. ಬಂದರು ಎಲ್ಲಿ ದೊಡ್ಡದಾದ್ರೂ ಜಾಗ ಬಿಡುವವ ಬಡವನೇ, ಅದರಲ್ಲಿ ಜರ್ಮನಿ ಆದ್ರೇನು ದಕ್ಷಿಣ ಕನ್ನಡ ಆದ್ರೇನು.

ಸ್ಪೈಖರ್‌ಸ್ಟಾಟ್‌ನ ಮ್ಯೂಸಿಯಂನಲ್ಲಿ ಗೋಣಿ ಎಳೆಯುವ ಕಬ್ಬಿಣದ ಕೊಕ್ಕೆಗಳು ಇಟ್ಟಿದ್ದಾರೆ, ಮರದ ಹಿಡಿ, ತುದಿ ಬಾಗಿ ಚೂಪಾಗಿ, ಹಿಡಿ ಮಾತ್ರ ಕೈ ಬೆವರು ಕುಡಿದು ಕಪ್ಪಾಗಿದೆ. ಪಕ್ಕದಲ್ಲೇ ಗೋಣಿ ಚುಚ್ಚಿ ಕಾಫಿ ಬೀಜದ ಮಾದರಿ ತೆಗೆಯೋ ಚೂಪು ಕೊಳವೆ. ಇವೆರಡೂ ಇಲ್ಲಿ ನೋಡ್ಲಿಕ್ಕೆ ಇಟ್ಟ ಸಾಮಾನು, ನಮ್ಮ ಬಂದರಿನ ಮಂಡಿಗಳಲ್ಲಿ ಹಮಾಲಿಗಳ ಕೈಯಲ್ಲಿ ಇಂಥದ್ದೇ ಕೊಕ್ಕೆ ಈಗ್ಲೂ ಕೆಲಸ ಮಾಡ್ತದೆ. ಅದು ನೋಡಿ ನಂಗೆ ನಿಜವಾಗಿ ಹೊಟ್ಟೆ ಚುರ್ ಅಂತು, ಯಾಕಂದ್ರೆ ನಮ್ಮ ಕೆಲಸ ಇನ್ನೂ ಜೀವಂತ ಉಂಟು, ಅದನ್ನ ಬರೆದಿಡುವವರು ಮಾತ್ರ ಬೆರಳೆಣಿಕೆ ಮಂದಿ.

1975ರಲ್ಲಿ ಪಣಂಬೂರು ಬಂದರು ಉದ್ಘಾಟನೆ ಆದ ಮೇಲೆ ದೊಡ್ಡ ಹಡಗೆಲ್ಲ ಆ ಕಡೆ ಹೋಯ್ತು, ಹಳೇ ಬಂದರಲ್ಲಿ ಉಳಿದದ್ದು ಮೀನಿನ ಬೋಟು ಮತ್ತೆ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು, ಅಂದ್ರೆ ಸಾಮಾನು ಸಾಗಿಸೋ ಮರದ ಹಡಗುಗಳು. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಎಲ್ಲ ತುಂಬ್ಕೊಂಡು ಹೋಗ್ತವೆ, ಮಳೆಗಾಲ ಬಂತಂದ್ರೆ ಬಂದ್. ಅಮಿನಿ, ಕಡ್ಮತ್, ಕಿಲ್ತಾನ್ ದ್ವೀಪಗಳೆಲ್ಲ 1956ರ ವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಅಲ್ಲಿಂದ ತೆಂಗಿನ ನಾರು ಬರ್ತಿತ್ತು, ಇಲ್ಲಿಂದ ಅಕ್ಕಿ ಹೋಗ್ತಿತ್ತು, ಇದು ಊರಲ್ಲಿ ಎಷ್ಟು ಜನಕ್ಕೆ ಗೊತ್ತುಂಟು ಹೇಳಿ? ನಾನೇ ಶಾಲೆಯಲ್ಲಿ ಓದಿದ್ದಿಲ್ಲ.

ಹ್ಯಾಂಬರ್ಗ್‌ನವರು ವರ್ಷಾವರ್ಷ ಮೇ ತಿಂಗಳಲ್ಲಿ ಬಂದರಿನ ಬರ್ತ್‌ಡೇ ಮಾಡ್ತಾರೆ, 1189ರಲ್ಲಿ ಚಕ್ರವರ್ತಿ ಕೊಟ್ಟ ಸುಂಕ ಮಾಫಿ ಪತ್ರದ ಲೆಕ್ಕದಲ್ಲಿ. ಆ ಪತ್ರ ಆಮೇಲೆ ಯಾರೋ ಸೃಷ್ಟಿ ಮಾಡಿದ್ದು ಅಂತ ಇತಿಹಾಸಕಾರರೇ ಹೇಳ್ತಾರೆ, ಆದ್ರೂ ಲಕ್ಷಗಟ್ಟಲೆ ಜನ ಸೇರ್ತಾರೆ. ಅದಕ್ಕಿಂತ ಅರ್ಧ ಶತಮಾನ ಮೊದಲೇ, 1130-40ರ ದಶಕದಲ್ಲಿ, ಅಬ್ರಹಾಂ ಬೆನ್ ಯಿಜು ಅಂತ ಯಹೂದಿ ವ್ಯಾಪಾರಿ ನಮ್ಮ ಮಂಗಳೂರಲ್ಲಿ ಮನೆ ಮಾಡ್ಕೊಂಡಿದ್ದ, ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಯೆಮನ್ನಿನ ಏಡನ್‌ಗೆ ಕಳಿಸ್ತಿದ್ದ, ಅವನ ಪರವಾಗಿ ಬೊಮ್ಮ ಅನ್ನೋ ಈ ಕಡೆಯವನೇ ಒಬ್ಬ ಏಡನ್‌ಗೆ ಹೋಗಿ ವ್ಯವಹಾರ ನೋಡ್ಕೊಳ್ತಿದ್ದ, ಅವನ ವ್ಯವಹಾರದ ಪತ್ರಗಳು ಕೈರೋದಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರವಾದ ಹಳೇ ಸಿನಗಾಗ್‌ನಲ್ಲಿ ಸಿಕ್ಕಿವೆ, ಅಸಲಿ ಪತ್ರಗಳು. ಆಮೇಲೆ 14ನೇ ಶತಮಾನದಲ್ಲಿ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಬಂದು ಪರ್ಷಿಯ, ಯೆಮನ್ ಕಡೆಯ ವ್ಯಾಪಾರಿಗಳು ಇಲ್ಲಿ ಇಳೀತಾರೆ ಅಂತ ಬರೆದ. ಇಷ್ಟೆಲ್ಲ ಇಟ್ಕೊಂಡು ನಾವು ಬಂದರು ಅಂದ ಕೂಡ್ಲೇ ಮೀನಿನ ವಾಸನೆ, ಲಾರಿ ಟ್ರಾಫಿಕ್ ಅಂತ ಮೂಗು ಮುಚ್ಚಿಕೊಳ್ಳೋದು ನಂಗೆ ಸರಿ ಕಾಣೋದಿಲ್ಲ.

ಹಾಗಂತ ಇಲ್ಲಿಯ ಎಲ್ಲವನ್ನೂ ಕಾಪಿ ಹೊಡೀಬೇಕಂತ ಅಲ್ಲ. ಹಳೇ ಬಂದರಿನ ಜಾಗದಲ್ಲಿ ಹಾಫನ್‌ಸಿಟಿ ಅಂತ ಕಟ್ಟಿದ್ದಾರೆ, ಚಂದ ಉಂಟು, ಆದ್ರೆ ಆ ಬಾಡಿಗೆ ಕೂಲಿಯವನ ಕೈಗೆ ಎಟುಕೋದಲ್ಲ. ಒಂದು ಹಳೇ ಗೋಡೌನಿನ ಮೇಲೆ ಸಂಗೀತ ಸಭಾಂಗಣ ಕಟ್ಟಲಿಕ್ಕೆ ಊರಿನ ಬೊಕ್ಕಸದಿಂದಲೇ 789 ಮಿಲಿಯನ್ ಯೂರೋ ಹೋಯ್ತು, ಶುರುವಲ್ಲಿ ಹೇಳಿದ್ದಕ್ಕಿಂತ ಎಷ್ಟೋ ಪಟ್ಟು. ನಮ್ಮಲ್ಲಿ ನದಿ ದಡ ಅಂದ್ರೆ ಎಲ್ಲರಿಗೂ ಮೊದಲು ಹೊಳೆಯೋದು ಟೈಲ್ಸು, ಲೈಟು, ಸೆಲ್ಫಿ ಪಾಯಿಂಟು. ಅದು ಆಮೇಲೆ ಆಗ್ಲಿ.

ಕಾಪಿ ಮಾಡ್ಲಿಕ್ಕೆ ಯೋಗ್ಯವಾದದ್ದು ಇಲ್ಲಿಯ ಬಂದರು ಮ್ಯೂಸಿಯಂ. ಹಳೇ ಶೆಡ್ಡು, ಹೊರಗೆ ತುಕ್ಕು ಹಿಡಿದ ಕ್ರೇನುಗಳು, ಆದ್ರೆ ನಿಂತು ವಿವರಿಸೋದು ರಿಟೈರ್ ಆದ ಬಂದರು ಕೆಲಸದವರೇ. ಯಾವ ಗಂಟು ಯಾವುದಕ್ಕೆ, ಗೋಣಿ ಹೇಗೆ ಪೇರಿಸಿದ್ರೆ ಹಡಗು ಒಂದು ಕಡೆ ವಾಲೋದಿಲ್ಲ, ಎಲ್ಲ ಅವರ ಬಾಯಿಂದಲೇ ಕೇಳ್ಬೇಕು. ನಮ್ಮ ಬಂದರಲ್ಲೂ ಅಂಥ ಬೋಟು ನಡೆಸುವ ತಂಡೇಲರು, ಹಮಾಲಿಗಳು, ಮಂಜಿ ರಿಪೇರಿ ಮಾಡುವ ಆಚಾರಿಗಳು ಇದ್ದಾರೆ, ವಯಸ್ಸಾಗ್ತಾ ಉಂಟು. ಇದಕ್ಕೆ ಕೋಟಿ ಬೇಡ. ಮಳೆಗಾಲದಲ್ಲಿ ಮಂಜಿ ದಡಕ್ಕೆ ಕಟ್ಟಿ ಅವರಿಗೂ ಬಿಡುವು ಇರ್ತದೆ, ಊರಿನ ಕಾಲೇಜು ಹುಡುಗ್ರು ಫೋನ್ ಹಿಡ್ಕೊಂಡು ಹೋಗಿ ತುಳು, ಬ್ಯಾರಿ, ಕನ್ನಡ ಯಾವುದ್ರಲ್ಲಿ ಹೇಳ್ತಾರೋ ಅದ್ರಲ್ಲೇ ರೆಕಾರ್ಡ್ ಮಾಡ್ಲಿ, ಬಂದರಿನಲ್ಲಿ ಖಾಲಿ ಬಿದ್ದಿರೋ ಒಂದು ಹಂಚಿನ ಗೋಡೌನು ಅದಕ್ಕೆ ಸಿಗ್ಲಿ. ಯಾರಾದ್ರೂ ಶುರು ಮಾಡೋದಾದ್ರೆ ಇಲ್ಲಿಯ ಮ್ಯೂಸಿಯಂನವರನ್ನ ಮಾತಾಡ್ಸಿ ಅವರು ಹೇಗೆ ಮಾಡಿದ್ರು ಅಂತ ಕೇಳಿ ಬರೆದು ಕಳಿಸೋ ಕೆಲಸ ನಾನು ಮಾಡ್ತೇನೆ.